ಗದ್ದೆಯ ಮೇಲೆ ತಗ್ಗಿ ಹಾರುವ ವಿಮಾನ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ನೀರು ನಿಲ್ಲಿಸಿದ ಗದ್ದೆಗೆ ನೆನೆಸಿದ ಭತ್ತವನ್ನು ಬಿತ್ತುವುದು ವಿಮಾನದಿಂದ. ಗೊಬ್ಬರ, ಔಷಧಿಯೂ ಹಾಗೆಯೇ. ಆ ವಿಮಾನಗಳ ರಿಪೇರಿ ನನ್ನ ಕೆಲಸ. ವಿಮಾನ ಬಿದ್ದಾಗ ‘ಪೈಲಟ್ ತಪ್ಪು’ ಎಂದು ಮಾತು ಮುಗಿಸುವವರೇ ಹೆಚ್ಚು. ಆದರೆ ಬೀಳುವುದರ ಕಾರಣಗಳು ಎಷ್ಟೋ ಸಲ ವಿಮಾನ ಏಳುವ ಮೊದಲೇ ನೆಲದ ಮೇಲೆ ಹುಟ್ಟಿರುತ್ತವೆ. ಅವನ್ನು ತಡೆಯಲು ಈ ಆರು ಮಾತು.

1. ತಂತಿ ಹುಡುಕಬೇಡಿ, ಕಂಬ ಹುಡುಕಿ. ಬೆಳೆಯಿಂದ ಹತ್ತು ಹನ್ನೆರಡು ಅಡಿ ಮೇಲೆ, ಆ ವೇಗದಲ್ಲಿ, ಕರೆಂಟ್ ತಂತಿ ಕಣ್ಣಿಗೆ ಬೀಳುವುದೇ ಕಷ್ಟ. ಕಂಬ ಕಾಣುತ್ತದೆ. ಪಂಪ್‌ಸೆಟ್ಟು, ಮನೆ ಇದ್ದ ಕಡೆ ತಂತಿ ಇದೆಯೆಂದೇ ತಿಳಿಯಬೇಕು. ಸಂಕಟದ ಸಂಗತಿಯೆಂದರೆ, ಎಷ್ಟೋ ಪೈಲಟ್‌ಗಳು ಬಡಿಯುವುದು ತಮಗೆ ಗೊತ್ತಿದ್ದ ತಂತಿಗೇ. ಅದನ್ನು ಹಲವು ಸಲ ದಾಟಿರುತ್ತಾರೆ. ಆ ಒಂದು ಸಲ ಗಮನ ಗಾಳಿಯ ಮೇಲೋ ನಾಜಲ್ ಮೇಲೋ ಇರುತ್ತದೆ. ಹಾಗಾಗಿ ಗದ್ದೆಗೆ ಇಳಿಯುವ ಮುನ್ನ ಮೇಲಿನಿಂದ ಒಂದು ಸುತ್ತು. ನಡುವೆ ಲೋಡು ತುಂಬಿಸಿಕೊಳ್ಳಲು ಬಂದು ಹೋದರೆ ಮತ್ತೆ ಒಂದು ಸುತ್ತು.

2. ನಿನ್ನೆ ಇಲ್ಲದ ಕಂಬ ಇಂದು ಇರಬಹುದು. 2011ರ ಜನವರಿ 10ರಂದು ಕ್ಯಾಲಿಫೋರ್ನಿಯಾದ ಓಕ್ಲಿ ಊರಿನ ಬಳಿಯ ವೆಬ್ ಟ್ರ್ಯಾಕ್ಟ್ ದ್ವೀಪದಲ್ಲಿ ಕೃಷಿ ಕೆಲಸದಲ್ಲಿದ್ದ ವಿಮಾನವೊಂದು ಗಾಳಿಯ ವೇಗ ಅಳೆಯುವ ಗೋಪುರಕ್ಕೆ ಬಡಿದು ಪೈಲಟ್ ತೀರಿಕೊಂಡರು. ಸಣಕಲು ಲೋಹದ ಕಂಬ, ಸುತ್ತ ಬಿಗಿದ ತಂತಿಗಳು; ಗುರುತಿನ ಬಣ್ಣವಿರಲಿಲ್ಲ. ಎತ್ತರ 200 ಅಡಿಗೆ ತುಸು ಕಡಿಮೆ. ವಿಮಾನಯಾನ ಇಲಾಖೆಗೆ ತಿಳಿಸಬೇಕಾದದ್ದು 200 ಅಡಿ ಮೀರಿದರೆ! ಇಂಥ ಗೋಪುರ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಇದನ್ನು ಪೈಲಟ್ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಿಡ್ಡ ಗೋಪುರಗಳಿಗೂ ಗುರುತು ಬೇಕೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 2016ರಲ್ಲಿ. ಅಲ್ಲಿಯವರೆಗೆ ಕಾಯಬೇಕಿರಲಿಲ್ಲ. ಜಮೀನಿನಲ್ಲಿ ಹೊಸದೇನಾದರೂ ನಿಂತಿದೆಯೇ ಎಂದು ರೈತರನ್ನು ಫೋನಿನಲ್ಲಿ ಕೇಳದೆ ನಾವು ವಿಮಾನ ಕಳಿಸುವುದಿಲ್ಲ.

3. ಗದ್ದೆಯಂಚಿನ ತಿರುವಿನಲ್ಲಿ ಅವಸರ ಬೇಡ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಭಾರ ಎರಡರಷ್ಟಾಗುತ್ತದೆ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ (ಸ್ಟಾಲ್) ವೇಗ ಶೇ. 41ರಷ್ಟು ಏರುತ್ತದೆ. ಕೆಳಗೆ ಚೇತರಿಸಿಕೊಳ್ಳುವಷ್ಟು ಎತ್ತರವೇ ಇರುವುದಿಲ್ಲ. ಬಿಸಿಲೇರಿದ ಮೇಲೆ ಗಾಳಿ ತೆಳುವಾಗಿ ಎಂಜಿನ್ನೂ ರೆಕ್ಕೆಯೂ ಸೋಲುತ್ತವೆ. ಆಗ ಲೋಡು ಕಡಿಮೆ ಮಾಡಬೇಕು. ಒಂದು ಟ್ರಿಪ್ಪು ಹೆಚ್ಚಾಗಲಿ.

4. ತುರ್ತಾಗಿ ಲೋಡು ಸುರಿಯುವ ಲಿವರ್ ದಿನವೂ ಎಳೆದು ನೋಡಿ. ನಿಜವಾದ ಆಪತ್ತಿನಲ್ಲಿ ದುಬಾರಿ ಔಷಧಿಯೆಂದು ಪೈಲಟ್ ಕೈ ಅಳುಕುತ್ತದೆ. ಸುರಿದದ್ದಕ್ಕೆ ಲೆಕ್ಕ ಕೇಳುವುದಿಲ್ಲವೆಂದು ಮಾಲೀಕರು ಮೊದಲೇ ಬಾಯಿಬಿಟ್ಟು ಹೇಳಬೇಕು.

5. ಸಂಜೆ ತೊಳೆಯದೆ ನಿಲ್ಲಿಸಬೇಡಿ. ಗೊಬ್ಬರ ಲೋಹವನ್ನು ತಿನ್ನುತ್ತದೆ.

6. ಬೆಲ್ಟು, ಹೆಲ್ಮೆಟ್ ಮರೆಯಬೇಡಿ. 1950ರಲ್ಲಿ ವಿಮಾನ ಎಂಜಿನಿಯರ್ ಫ್ರೆಡ್ ವೈಕ್ ಟೆಕ್ಸಾಸ್‌ನಲ್ಲಿ ರೂಪಿಸಿದ ಎಜಿ-1 ಎಂಬ ಕೃಷಿ ವಿಮಾನದಲ್ಲಿ ಲೋಡಿನ ತೊಟ್ಟಿಯನ್ನು ಪೈಲಟ್‌ನ ಮುಂದಿಟ್ಟರು. ಬಿದ್ದರೂ ಆ ಭಾರ ಹಿಂದಿನಿಂದ ಬಂದು ಅವನನ್ನು ಜಜ್ಜುವುದಿಲ್ಲ. ಈ ಕ್ರಮ ಇಂದಿಗೂ ಜೀವ ಉಳಿಸುತ್ತಿದೆ, ಆದರೆ ಬೆಲ್ಟು ಗಟ್ಟಿಯಿದ್ದರೆ ಮಾತ್ರ. ಬಿಸಿಲಿಗೆ ನಾರೆದ್ದ ಬೆಲ್ಟು ಕಂಡರೆ ಅಲ್ಲೇ ಕತ್ತರಿಸಿ ಹಾಕುತ್ತೇನೆ. ಇನ್ನೊಂದು ದಿನ ನಡೆಯುತ್ತದೆ ಎನ್ನಲು ಯಾರಿಗೂ ಅವಕಾಶ ಇರಬಾರದು.