ಹಳೆಯ ದೋಣಿ

2023ರ ಏಪ್ರಿಲ್ ತಿಂಗಳಿನಲ್ಲಿ ನಾನು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮಗನ ಮನೆಯಲ್ಲಿದ್ದೆ. ಹತ್ತು ಸಾವಿರ ಸರೋವರಗಳ ನಾಡೆಂದು ಹೆಸರಾದ ಪ್ರದೇಶವದು. ಚಳಿಗಾಲದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ್ದ ನೀರು ಆಗತಾನೇ ಕರಗತೊಡಗಿತ್ತು. ಮೇ ತಿಂಗಳ ನಡುವೆ ಮೀನು ಹಿಡಿಯುವ ಋತು ತೆರೆಯುವುದೆಂದು ಮೊಮ್ಮಗ ದಿನ ಎಣಿಸುತ್ತಿದ್ದ. ಏಕೆಂದರೆ ಮಗನು ಹದಿನಾಲ್ಕು ಅಡಿ ಉದ್ದದ ಹಳೆಯ ಅಲ್ಯೂಮಿನಿಯಮ್ ದೋಣಿಯೊಂದನ್ನು, ಅದನ್ನು ಹೊತ್ತೊಯ್ಯುವ ಟ್ರೈಲರ್ ಸಮೇತ, ಅಗ್ಗವಾಗಿ ಕೊಂಡು ತಂದಿದ್ದ. ಅದಕ್ಕೆ ಐವತ್ತು ವರ್ಷ. ನನಗಿಂತ ತುಸು ಕಿರಿಯದು.

ಅಲ್ಯೂಮಿನಿಯಮ್ ಒಮ್ಮೆ ಬೆಳ್ಳಿಯಂತೆ ದುಬಾರಿಯಾದ ಲೋಹವಾಗಿತ್ತು. 1884ರಲ್ಲಿ ವಾಷಿಂಗ್ಟನ್ ಸ್ಮಾರಕಸ್ತಂಭದ ತುದಿಗೆ ಮುಕುಟವಾಗಿ ಇಟ್ಟದ್ದು ಇದರ ಒಂದು ತುಂಡನ್ನೇ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ಎಂಬಿಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುತ್ತಿನ ಸಹಾಯದಿಂದ ಅದನ್ನು ಅಗ್ಗವಾಗಿ ಪಡೆಯುವ ವಿಧಾನವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ, 1945ರಲ್ಲಿ, ಗ್ರಮ್ಮನ್ ಎಂಬ ವಿಮಾನ ಕಂಪನಿಯು ವಿಮಾನಕ್ಕೆ ಬಳಸುತ್ತಿದ್ದ ರೀತಿಯಲ್ಲೇ ತೆಳುವಾದ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿ ದೋಣಿಗಳನ್ನು ತಯಾರಿಸತೊಡಗಿತು. ನಮ್ಮ ದೋಣಿಯೂ ಅದೇ ಕುಲದ್ದು.

"ಬಣ್ಣ ಬಳಿದುಬಿಟ್ಟರೆ ಆಯಿತಲ್ಲವೇ, ಅಜ್ಜ?" ಎಂದು ಮೊಮ್ಮಗ ಕೇಳಿದ. ನನಗೂ ಹಾಗೆಯೇ ತೋರಿತ್ತು. ಮಗ ಒಪ್ಪಲಿಲ್ಲ. ದೋಣಿಯ ತಳಕ್ಕೆ ಆಧಾರಗಳನ್ನಿಟ್ಟು, ಒಳಗೆ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿಸಿದ. ನೀರು ಒಳಗೆ ಬಾರದಿರಲೆಂದು ಮಾಡಿದ ದೋಣಿಗೆ ನೀರನ್ನೇ ತುಂಬುವುದೆಂದರೆ ವಿಚಿತ್ರವಷ್ಟೆ! ಆದರೆ ಸ್ವಲ್ಪ ಹೊತ್ತಿನಲ್ಲಿ ತಳದ ಹೊರಮೈಯಲ್ಲಿ ಅಲ್ಲಲ್ಲಿ ಹನಿಗಳು ಮೂಡಿದವು. ಮೊಮ್ಮಗ ಕೆಳಗೆ ತೂರಿ, ಹನಿಯಿಡುತ್ತಿದ್ದ ಪ್ರತಿಯೊಂದು ರಿವೆಟ್ಟಿನ ಸುತ್ತಲೂ ಮೇಣದ ಬಣ್ಣದ ಕಡ್ಡಿಯಿಂದ ವೃತ್ತ ಬರೆದ. ಹನ್ನೊಂದು ವೃತ್ತಗಳಾದವು. ನೀರನ್ನು ಹೊರಚೆಲ್ಲಿ ದೋಣಿ ಒಣಗಿದ ಮೇಲೆ, ಅವನು ಹೊರಗಿನಿಂದ ರಿವೆಟ್ಟಿನ ತಲೆಗೆ ಭಾರವಾದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿದರೆ, ಮಗ ಒಳಗಿನಿಂದ ಸುತ್ತಿಗೆಯಿಂದ ಬಡಿದು ಬಿಗಿಗೊಳಿಸಿದ. ಬಾಲ್ಯದಲ್ಲಿ ನಮ್ಮ ಕರಾವಳಿಯಲ್ಲಿ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ ವಾಸನೆ ಅದೇಕೋ ನೆನಪಾಯಿತು.

ಎಂಜಿನನ್ನು ಬಿಗಿಯುವ ಹಿಂಬದಿಯ ಹಲಗೆಯ ಸ್ಥಿತಿ ಹೆಚ್ಚು ಗಂಭೀರವಾಗಿತ್ತು. ಹೊರಗಿನ ತಗಡು ಹೊಳೆಯುತ್ತಿದ್ದರೂ ಅದನ್ನು ತೆಗೆದು ನೋಡಿದರೆ ಒಳಗಿನ ಪ್ಲೈವುಡ್ ಮಳೆಯಲ್ಲಿ ನೆನೆದ ರಟ್ಟಿನಂತೆ ಕೈಗೆ ಬಂದಿತು. ಮಗ ಕೊಳೆಯದಂತೆ ಔಷಧಿ ಸೇರಿಸಿದ ಹಲಗೆಯೊಂದನ್ನು ಅಗ್ಗವೆಂದು ಕೊಂಡು ತಂದ. ರಾತ್ರಿ ಓದಿ ನೋಡಿದಾಗ ಅದರಲ್ಲಿ ತಾಮ್ರದ ಅಂಶವಿರುವುದು ತಿಳಿಯಿತು. ತಾಮ್ರವೂ ಅಲ್ಯೂಮಿನಿಯಮೂ ತೇವದಲ್ಲಿ ಸೇರಿದರೆ ವಿದ್ಯುತ್ಕೋಶದಂತೆ ವರ್ತಿಸಿ, ಅಲ್ಯೂಮಿನಿಯಮ್ ಸವೆದು ತೂತುಬೀಳುತ್ತದೆ. ಮರುದಿನ ಹಲಗೆ ಅಂಗಡಿಗೆ ಹಿಂದಿರುಗಿತು. ಬೇರೆ ಪ್ಲೈವುಡ್ಡನ್ನು ತಂದು, ಅಂಚುಗಳಿಗೂ ತಿರುಪಿನ ರಂಧ್ರಗಳಿಗೂ ಇಪಾಕ್ಸಿ ಬಳಿದು ಕೂರಿಸುವಷ್ಟರಲ್ಲಿ ಒಂದು ವಾರ ಕಳೆಯಿತು. ಮೊಮ್ಮಗನ ಮುಖ ಸಣ್ಣದಾಯಿತು.

ಆಸನಗಳ ಕೆಳಗೆ ತುಂಬಿದ್ದ ಬಿಳಿಯ ನೊರೆಪದಾರ್ಥವೂ ನೀರು ಹೀರಿ ಭಾರವಾಗಿತ್ತು. ಅದನ್ನು ತೆಗೆದೆಸೆದ ಮೇಲೆ ದೋಣಿ ಹಗುರಾಯಿತು. "ಇನ್ನು ಅದೇಕೆ? ಯಾರಿಗೂ ಕಾಣುವುದೇ ಇಲ್ಲ," ಎಂದ ಹುಡುಗ. ಮಗ ಕೆಲಸ ನಿಲ್ಲಿಸಿ, "ದೋಣಿ ಮಗುಚಿ ನೀರು ತುಂಬಿತೆಂದುಕೋ. ಬರಿಯ ಲೋಹವಾದರೆ ಮುಳುಗುತ್ತದೆ. ಒಳಗೆ ಇದಿದ್ದರೆ ತೇಲುತ್ತದೆ. ನೀನು ಅದನ್ನು ಹಿಡಿದುಕೊಂಡಿರಬಹುದು. ಮೇ ತಿಂಗಳ ನೀರಿನಲ್ಲಿ ಕೈಕಾಲು ಮರಗಟ್ಟಲು ಕೆಲವು ನಿಮಿಷ ಸಾಕು," ಎಂದ. ಹುಡುಗ ಮತ್ತೇನೂ ಕೇಳಲಿಲ್ಲ. ನೀರು ಹೀರದ ಹೊಸ ನೊರೆಹಲಗೆಗಳನ್ನು ಅಳತೆಗೆ ಕತ್ತರಿಸಿ ತುಂಬಿದವನು ಅವನೇ.

ಟ್ರೈಲರ್ ಎಂದರೆ ಸರಂಜಾಮು ಮಾತ್ರವೆಂದು ನಾನು ತಿಳಿದಿದ್ದೆ. ಟೈರುಗಳ ಪಕ್ಕಗಳು ಬಿರುಕುಬಿಟ್ಟಿದ್ದವು, ದೀಪಗಳು ಉರಿಯುತ್ತಿರಲಿಲ್ಲ. ಇವು ಕಣ್ಣಿಗೆ ಕಾಣುವ ದೋಷಗಳು. ಚಕ್ರದ ಗುಂಬದೊಳಗಿನ ಬೇರಿಂಗಿನ ಕಥೆ ಬೇರೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಚಕ್ರವನ್ನು ದೋಣಿ ಇಳಿಸಲೆಂದು ತಣ್ಣೀರಿಗಿಳಿಸಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಗ ಬಿಚ್ಚಿದಾಗ ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಬೇರಿಂಗಿನ ಉರುಳೆಗಳಿಗೆ ತುಕ್ಕು ಹಿಡಿದಿತ್ತು. ಹಾಗೆಯೇ ಹೊರಟಿದ್ದರೆ ಚಕ್ರ ದಾರಿಯಲ್ಲೇ ಕಳಚಿ ಬೀಳಬಹುದಾಗಿತ್ತು. ಹೊಸ ಬೇರಿಂಗು ಹಾಕಿ, ಗ್ರೀಸು ತುಂಬಿದ್ದಾಯಿತು.

ಬಣ್ಣ ಬಳಿಯಲು ಬಿಡುವೇ ಸಿಗಲಿಲ್ಲ. ಋತು ತೆರೆದ ದಿನ, ಎಲ್ಲ ತೇಪೆಗಳೂ ಎದ್ದು ಕಾಣುವ ಮೈಯಲ್ಲಿಯೇ ದೋಣಿ ಸರೋವರಕ್ಕಿಳಿಯಿತು. ಜೀವರಕ್ಷಕ ಅಂಗಿ ತೊಟ್ಟ ಮೊಮ್ಮಗ ಗಾಳವನ್ನು ಮರೆತು ದೋಣಿಯ ತಳವನ್ನೇ ನೋಡುತ್ತ ಕುಳಿತಿದ್ದ. ಒಂದು ಗಂಟೆಯ ಬಳಿಕ ಮೂಲೆಯೊಂದರಲ್ಲಿ ಹನಿಯೊಂದು ಮೂಡಿತು. ಅವನು ಜೇಬಿನಿಂದ ಬಣ್ಣದ ಕಡ್ಡಿಯನ್ನು ತೆಗೆದು, ಅದರ ಸುತ್ತ ಹನ್ನೆರಡನೆಯ ವೃತ್ತವನ್ನು ಬರೆದ.