ಎಳೆಯ ಮನಸ್ಸಿನ ಗಾಯ

ಬಾಲ್ಯದ ಕಷ್ಟವು ಬೆಳೆದಂತೆ ಮರೆತುಹೋಗುವದೆಂದು ನಾವು ಎಣಿಸುವದುಂಟು. ಆದರೆ ಅದು ಮನಸ್ಸಿನಲ್ಲಿ ಬೇರೂರುತ್ತದೆ. ರುಮೇನಿಯ ದೇಶದ ಅನಾಥಾಲಯಗಳಲ್ಲಿ ಕೂಸುಗಳಿಗೆ ಆಹಾರವಿದ್ದರೂ ಎತ್ತಿ ಮುದ್ದಿಸುವವರು ವಿರಳವಾಗಿದ್ದರು. 2000ನೆಯ ಇಸವಿ ಮೊದಲ್ಗೊಂಡು ಪಂಡಿತರು ಬುಕಾರೆಸ್ಟ್ ಪಟ್ಟಣದಲ್ಲಿ ಇಂಥ 136 ಮಕ್ಕಳನ್ನು ಪರೀಕ್ಷಿಸಿ, ಚೀಟುಹಾಕಿ ಅರ್ಧ ಮಂದಿಯನ್ನು ಸಾಕುತಂದೆತಾಯಿಗಳಿಗೆ ಒಪ್ಪಿಸಿದರು. ಆ ಮಕ್ಕಳು 16 ವರುಷದವರಾದಾಗ ನೋಡಲು, ಅನಾಥಾಲಯದಲ್ಲಿ ಬಿಡಲ್ಪಟ್ಟಿದ್ದವರಲ್ಲಿ ಮನೋವ್ಯಾಧಿಗಳು ಹೆಚ್ಚಾಗಿಯೂ ಮನೆ ಸೇರಿದವರಲ್ಲಿ ಕಡಿಮೆಯಾಗಿಯೂ ಕಂಡುಬಂದವು. ಎರಡು ವರುಷ ತುಂಬುವ ಮೊದಲೇ ಮನೆ ಸೇರಿದ ಕೂಸುಗಳು ಸಾಕಿದವರನ್ನು ಹೆಚ್ಚು ಭರವಸದಿಂದ ಹಚ್ಚಿಕೊಂಡವು. ಗಾಯವು ನಿಜ; ಆದರೆ ಪ್ರೀತಿಯು ಬೇಗನೆ ದೊರೆತರೆ ಅದು ಮಾಯತೊಡಗುವದು. ಆದಕಾರಣ ನಮ್ಮ ನೆರೆಯಲ್ಲಿ ತಬ್ಬಲಿ ಕೂಸು ಇದ್ದರೆ, ತುತ್ತು ಕೊಟ್ಟೆವೆಂದು ತೃಪ್ತರಾಗದೆ, ತಡಮಾಡದೆ ಮಡಿಲನ್ನೂ ಕೊಡೋಣ.