ಹಲಸೂರಿನಿಂದ ಮಗ್ದಲಕ್ಕೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಹಲಸೂರು ಕೆರೆಯ ಬಳಿ, ಮದರಾಸು ಇಂಜಿನಿಯರ್ ದಳದ ವಿಶಾಲವಾದ ನೆಲೆಯಿದೆ. 1780ರಲ್ಲಿ ಎರಡು ತುಕಡಿಗಳಾಗಿ ಹುಟ್ಟಿದ ಈ ದಳವು 1834ರಲ್ಲಿ ಬೆಂಗಳೂರಿಗೆ ಬಂದಿತು. ಸೈನ್ಯ ನಡೆಯಬೇಕಾದ ಹಾದಿಯನ್ನು ಮುಂದಾಗಿ ಸರಿಪಡಿಸುವುದು, ಹೊಳೆಗೆ ಸೇತುವೆ ಕಟ್ಟುವುದು, ಬಾವಿ ತೋಡುವುದು, ಶತ್ರುವಿನ ಕೋಟೆಯ ಬಾಗಿಲನ್ನು ಒಡೆಯುವುದು ಇವು ಅದರ ಕೆಲಸಗಳು. ಇಂತಹ ಕೆಲಸ ಮಾಡುವ ಸೈನಿಕರಿಗೆ ಸ್ಯಾಪರ್ ಎಂದು ಹೆಸರು. ಬಂದೂಕಿನಷ್ಟೇ ಗುದ್ದಲಿ, ಸಲಿಕೆ, ಹಾರೆ, ಕೊಡಲಿಗಳೂ ಇವರಿಗೆ ಆಯುಧಗಳು. ಈ ದಳವು ಗಳಿಸಿದ ಯುದ್ಧಗೌರವಗಳಲ್ಲಿ ‘ಅಬಿಸೀನಿಯ’ ಎಂಬ ಹೆಸರೂ ಒಂದು. ಪರದೇಶದ ದುರ್ಗಮವಾದ ನೆಲದಾರಿಗೆ ಸಾಮಾನು ಕಟ್ಟುವುದೆಂದರೆ ಏನು ಎಂಬುದನ್ನು ತಿಳಿಯಬೇಕಾದರೆ ಆ ಹೆಸರಿನ ಹಿಂದಿರುವ ಕಥೆಯನ್ನು ನೋಡಬೇಕು.

ಅಬಿಸೀನಿಯವೆಂದರೆ ಇಂದಿನ ಇಥಿಯೋಪಿಯ. ಅಲ್ಲಿಯ ಚಕ್ರವರ್ತಿ ತೆವೊದ್ರೋಸನು 1862ರಲ್ಲಿ ವಿಕ್ಟೋರಿಯ ರಾಣಿಗೆ ಒಂದು ಪತ್ರ ಬರೆದನು. ಲಂಡನ್ನಿನಿಂದ ಉತ್ತರ ಬರಲಿಲ್ಲ. ಅವಮಾನಿತನಾದ ಅರಸನು ಬ್ರಿಟಿಷ್ ಪ್ರತಿನಿಧಿಯನ್ನೂ ಇತರ ಕೆಲವು ಐರೋಪ್ಯರನ್ನೂ ಸೆರೆಯಲ್ಲಿಟ್ಟನು. ಅವರನ್ನು ಬಿಡಿಸುವುದಕ್ಕಾಗಿ 1867ರಲ್ಲಿ ಭಾರತದಿಂದ ಸೈನ್ಯ ಹೊರಟಿತು. ಅದರ ದಂಡನಾಯಕ ಸರ್ ರಾಬರ್ಟ್ ನೇಪಿಯರ್ ಸ್ವತಃ ಇಂಜಿನಿಯರ್. ಮದರಾಸು ಸ್ಯಾಪರರ ತುಕಡಿಗಳೂ ಈ ಸೈನ್ಯದಲ್ಲಿದ್ದವು. ಒಂದು ಪತ್ರಕ್ಕೆ ಉತ್ತರ ಬರೆಯದ ಉದಾಸೀನವು ಸಾವಿರಾರು ಜನರನ್ನು ಹಡಗು ಹತ್ತಿಸಿತು.

ಆ ವೇಳೆಗೆ ಬೆಂಗಳೂರು ದಂಡಿಗೆ ರೈಲು ಬಂದು ಮೂರು ವರ್ಷಗಳಾಗಿದ್ದವು. ಪೂರ್ವಕ್ಕೆ ಕೃಷ್ಣರಾಜಪುರದ ಕಡೆಯಿಂದ ಜೋಲಾರಪೇಟೆಗೆ ಸಾಗುವ ಹಳಿಯನ್ನು 1864ರಲ್ಲಿ ತೆರೆದಿದ್ದರು. ರೈಲಿನಲ್ಲಿ ಹೋಗುವವನಿಗೆ ಒಂದು ಮೂಟೆ ಹೆಚ್ಚಾದರೂ ಅಷ್ಟು ಭಾರವೆನಿಸದು. ಆದರೆ ಕೆಂಪು ಸಮುದ್ರದ ದಡದ ಜೂಲಾ ಎಂಬಲ್ಲಿ ಹಡಗಿನಿಂದಿಳಿದ ಮೇಲೆ ಸ್ಥಿತಿಯೇ ಬೇರೆ. ಅಲ್ಲಿ ಬಂದರಿಲ್ಲ, ರಸ್ತೆಯಿಲ್ಲ, ಕುಡಿಯುವ ನೀರೂ ಇಲ್ಲ. ಅಲ್ಲಿಂದ ಸೆರೆಯಾಳುಗಳಿದ್ದ ಮಗ್ದಲ ಬೆಟ್ಟಕ್ಕೆ ಸುಮಾರು 640 ಕಿಲೋಮೀಟರ್ ದೂರ. ಮಧ್ಯದಲ್ಲಿ ಕಡಿದಾದ ಕಣಿವೆಗಳು, ಕೊರೆಯುವ ಚಳಿಯ ಪ್ರಸ್ಥಭೂಮಿ.

ಸೈನಿಕರು ಸುಮಾರು 13,000; ಅವರ ಹಿಂದೆ ಅದರ ಎರಡರಷ್ಟು ಪರಿಚಾರಕರು; ಹೇಸರಗತ್ತೆ, ಒಂಟೆ, ಎತ್ತು, ಕುದುರೆಗಳೆಲ್ಲ ಸೇರಿ ಸುಮಾರು 40,000 ಪ್ರಾಣಿಗಳು. ಫಿರಂಗಿಗಳನ್ನು ಹೊರುವುದಕ್ಕೆಂದು ಭಾರತದಿಂದ 44 ಆನೆಗಳನ್ನು ಹಡಗಿನಲ್ಲಿ ಸಾಗಿಸಿದ್ದರು. ಮೊದಲ ತೊಡಕು ಎದುರಾದುದು ನೀರಿನದು. ಹಡಗಿನ ಆವಿಯಂತ್ರಗಳಿಂದ ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರು ಮಾಡಬೇಕಾಯಿತು. ಆ ಏರ್ಪಾಡು ಸಾಲದೆ ಆರಂಭದ ದಿನಗಳಲ್ಲಿ ದಡದಲ್ಲೇ ನೂರಾರು ಪ್ರಾಣಿಗಳು ಸತ್ತುಬಿದ್ದವು. ಹೊರುವ ಪ್ರಾಣಿಯನ್ನು ತಂದವರು ಅದು ಕುಡಿಯುವ ನೀರಿನ ಲೆಕ್ಕವನ್ನು ಸರಿಯಾಗಿ ಹಾಕಿರಲಿಲ್ಲ.

ಆದರೆ ನೀರಿನ ವಿಷಯದಲ್ಲಿಯೇ ಮೆಚ್ಚಬೇಕಾದ ಒಂದು ಸಾಮಾನೂ ಈ ಪಯಣದಲ್ಲಿತ್ತು. ಅದೊಂದು ಸಣ್ಣ ಕಬ್ಬಿಣದ ಕೊಳವೆ. ಅದರ ಕೆಳತುದಿ ಈಟಿಯಂತೆ ಚೂಪು. ತುದಿಯ ಮೇಲ್ಭಾಗದಲ್ಲಿ ಸುತ್ತಲೂ ರಂಧ್ರಗಳು. ಭಾರವಾದ ಗುಂಡನ್ನು ಮೇಲಿಂದ ಬೀಳಿಸಿ ಕೊಳವೆಯನ್ನು ನೆಲಕ್ಕೆ ಇಳಿಸುತ್ತಿದ್ದರು. ಒಂದು ಕೊಳವೆ ಮುಗಿದರೆ ಅದರ ತಲೆಗೆ ಇನ್ನೊಂದನ್ನು ತಿರುಪಿ ಜೋಡಿಸುತ್ತಿದ್ದರು. ನೀರಿನ ಪದರ ಸಿಕ್ಕಿದೊಡನೆ ಕೈಪಂಪು ಹಾಕಿ ನೀರೆತ್ತುತ್ತಿದ್ದರು. ನೆಲ ಮೆದುವಾಗಿದ್ದಲ್ಲಿ ಮಾತ್ರ ಇದು ನಡೆಯುತ್ತಿತ್ತು. ಬಂಡೆಯ ಮೇಲೆ ಇದರ ಆಟ ಸಾಗದು. ಆದರೂ ಅಗೆಯುವ ಶ್ರಮವಿಲ್ಲದ, ಬಿಡಿಬಿಡಿಯಾಗಿ ಹೊರಬಹುದಾದ ಬಾವಿಯಿದು. ಮುಂದೆ ಇಂಗ್ಲೆಂಡಿನಲ್ಲಿ ಇಂತಹ ಬಾವಿಗೆ ‘ಅಬಿಸೀನಿಯದ ಬಾವಿ’ ಎಂಬ ಹೆಸರೇ ನಿಂತಿತು.

ಆಹಾರದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಒಂದು ಹೇಸರಗತ್ತೆ 90 ಕಿಲೋ ಧಾನ್ಯ ಹೊತ್ತು, ದಿನಕ್ಕೆ 3 ಕಿಲೋ ತಿನ್ನುವುದೆಂದು ಇಟ್ಟುಕೊಂಡರೆ, ದಾರಿಯಲ್ಲಿ ಮೇವು ದೊರೆಯದ ಪಕ್ಷದಲ್ಲಿ ಮೂವತ್ತನೆಯ ದಿನ ಅದರ ಬೆನ್ನು ಬರಿದಾಗುತ್ತದೆ. ಅದು ಹೊತ್ತುದೆಲ್ಲ ಅದರ ಹೊಟ್ಟೆಗೇ ಸರಿ. ಆದುದರಿಂದ ದೂರದ ದಾರಿಯಲ್ಲಿ ಧಾನ್ಯವನ್ನು ಹೊರುವುದಕ್ಕಿಂತ ಧಾನ್ಯ ಕೊಳ್ಳುವ ಹಣವನ್ನು ಹೊರುವುದು ಮೇಲು. ಆದರೆ ಯಾವ ಹಣ? ಅಲ್ಲಿಯ ರೈತನಿಗೆ ಇಂಗ್ಲೆಂಡಿನ ಚಿನ್ನದ ನಾಣ್ಯವಾಗಲಿ ಭಾರತದ ರೂಪಾಯಿಯಾಗಲಿ ಬೇಕಿರಲಿಲ್ಲ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಳ ಮುಖವಿದ್ದ ಬೆಳ್ಳಿಯ ನಾಣ್ಯವನ್ನು ಮಾತ್ರ ಅವನು ನಂಬುತ್ತಿದ್ದನು. ರಾಣಿ ತೀರಿಕೊಂಡುದು 1780ರಲ್ಲಿ. ಆಮೇಲೂ ಅದೇ ಇಸವಿಯನ್ನು ಅಚ್ಚೊತ್ತಿ ಆ ನಾಣ್ಯವನ್ನು ಮಾಡುತ್ತಲೇ ಇದ್ದರು. ಮದರಾಸು ದಳವು ಹುಟ್ಟಿದ ವರ್ಷವೂ ಅದೇ ಎಂಬುದು ಒಂದು ವಿನೋದ. ನೇಪಿಯರನ ಸೈನ್ಯಕ್ಕಾಗಿ ಈ ನಾಣ್ಯಗಳನ್ನು ವಿಯೆನ್ನಾ ನಗರದ ಟಂಕಸಾಲೆಯಲ್ಲಿ ಅಚ್ಚು ಹಾಕಿಸಬೇಕಾಯಿತು. ಒಂದೊಂದರ ತೂಕ 28 ಗ್ರಾಂ. ಲಕ್ಷ ನಾಣ್ಯ ಸಾಗಿಸಬೇಕಾದರೆ ಮೂವತ್ತಕ್ಕೂ ಹೆಚ್ಚು ಹೇಸರಗತ್ತೆಗಳು ಬೇಕು. ಆದರೂ ಈ ಹೊರೆ ವ್ಯರ್ಥವಾಗಲಿಲ್ಲ. ಊರಿನವರು ಧಾನ್ಯವನ್ನೂ ಮೇವನ್ನೂ ತಂದು ಮಾರಿದರು. ಸೈನ್ಯ ಮುಂದೆ ಸಾಗಿತು.

ಕಣಿವೆಗಳಲ್ಲಿ ಸ್ಯಾಪರರು ಬಂಡೆ ಸೀಳಿ, ಕಲ್ಲು ಉರುಳಿಸಿ, ಆನೆಗೂ ಫಿರಂಗಿಗೂ ದಾರಿ ಮಾಡಿದರು. ದಾರಿ ಏರಿದಂತೆಲ್ಲ ನೇಪಿಯರನು ಸಾಮಾನನ್ನು ಕಡಿಮೆ ಮಾಡುತ್ತ ಬಂದನು. ಪರಿಚಾರಕರ ಸಂಖ್ಯೆಯನ್ನು ಇಳಿಸಿದನು. ಪ್ರತ್ಯೇಕ ಡೇರೆಗಳಲ್ಲಿ ಮಲಗುತ್ತಿದ್ದ ಅಧಿಕಾರಿಗಳು ಒಂದೇ ಡೇರೆಯಲ್ಲಿ ಇಕ್ಕಟ್ಟಾಗಿ ಮಲಗಬೇಕಾಯಿತು. ಕಂಬಳಿಯನ್ನೂ ಮೇಲಂಗಿಯನ್ನೂ ಸೈನಿಕರು ತಾವೇ ಹೊತ್ತರು. ಸೈನಿಕರಲ್ಲಿ ಗೊಣಗಾಟ ಎದ್ದುದು ಸಹಜವೇ. ಆದರೆ ಈ ಕತ್ತರಿಕೆಯಿಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಮಗ್ದಲವನ್ನು ಮುಟ್ಟುವುದು ಕಷ್ಟವಾಗುತ್ತಿತ್ತು.

1868ರ ಏಪ್ರಿಲ್ 10ರಂದು ಅರೋಗೆ ಬಯಲಿನಲ್ಲಿ ತೆವೊದ್ರೋಸನ ಸೈನ್ಯ ಸೋತಿತು. ಅವನು ಸೆರೆಯಾಳುಗಳನ್ನು ಬಿಟ್ಟುಕೊಟ್ಟನು. ಶರಣಾಗಲು ಮಾತ್ರ ಒಪ್ಪಲಿಲ್ಲ. 13ನೆಯ ತಾರೀಖು ಬ್ರಿಟಿಷ್ ಸೈನ್ಯ ಮಗ್ದಲವನ್ನು ಏರಿತು. ಕಡಿದಾದ ಹಾದಿಯ ಕೊನೆಯಲ್ಲಿ ಕೋಟೆಯ ಬಾಗಿಲು, ಅದರ ಎರಡು ಕಡೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಮುಳ್ಳುಬೇಲಿ. ಬಾಗಿಲನ್ನು ಸಿಡಿಸಬೇಕಾದ ಇಂಜಿನಿಯರ್ ಪಡೆ ಮುಂದೆ ಬಂದಿತು. ಆಗ ತಿಳಿದುಬಂದುದೇನು? ಸಿಡಿಮದ್ದಿನ ಪೀಪಾಯಿಗಳೂ ಇಲ್ಲ, ಗೋಡೆ ಹತ್ತುವ ಏಣಿಗಳೂ ಇಲ್ಲ! ಅವು ಭಾರತದಲ್ಲಿಯೋ ಜೂಲಾದಲ್ಲಿಯೋ ಉಳಿದಿರಲಿಲ್ಲ. ಸಮುದ್ರ ದಾಟಿ, ನೂರಾರು ಕಿಲೋಮೀಟರ್ ಬೆಟ್ಟ ಹತ್ತಿ, ಹಿಂದಿನ ಪಾಳೆಯದವರೆಗೂ ಬಂದಿದ್ದವು. ಕಟ್ಟಕಡೆಯ ಏರಿನಲ್ಲಿ ಅವನ್ನು ಹೊತ್ತು ತರುವುದನ್ನು ಮರೆತಿದ್ದರು.

ತರಲು ಜನರನ್ನು ಹಿಂದಕ್ಕೆ ಕಳುಹಿಸಿದರು. ಕಾಯುವ ತಾಳ್ಮೆ ಸೇನಾಧಿಕಾರಿಗಿರಲಿಲ್ಲ. ಮೂವತ್ತಮೂರನೆಯ ಪದಾತಿ ದಳದ ಬರ್ಗಿನ್ ಎಂಬ ಎತ್ತರದ ಸೈನಿಕನು ಬಂದೂಕಿನ ಸನೀನಿನಿಂದ ಮುಳ್ಳುಬೇಲಿಯನ್ನು ಸೀಳಿ ಕಿಂಡಿ ಮಾಡಿದನು. ಮ್ಯಾಗ್ನರ್ ಎಂಬ ನಗಾರಿಯವನು ಅವನ ಹೆಗಲೇರಿ ಒಳಗೆ ನುಗ್ಗಿದನು. ಒಬ್ಬ ಮನುಷ್ಯನ ಹೆಗಲೇ ಅಂದು ಏಣಿಯಾಯಿತು. ಇಬ್ಬರಿಗೂ ವಿಕ್ಟೋರಿಯ ಕ್ರಾಸ್ ದೊರೆಯಿತು. ಬಾಗಿಲ ಹಿಂದೆ ಕಲ್ಲುಗಳ ರಾಶಿಯನ್ನೇ ಪೇರಿಸಿದ್ದುದರಿಂದ ಮದ್ದಿದ್ದರೂ ಅದು ಸುಲಭವಾಗಿ ತೆರೆಯುತ್ತಿರಲಿಲ್ಲವೆಂಬುದು ಬೇರೆ ಮಾತು. ಎದುರಾಳಿಗಳ ಸಂಖ್ಯೆ ಹೆಚ್ಚಾಗಿದ್ದಿದ್ದರೆ ಆ ಮರೆವಿಗೆ ತೆರಬೇಕಾದ ಬೆಲೆ ಎಷ್ಟಾಗುತ್ತಿತ್ತೋ!

ಒಳಗೆ ತೆವೊದ್ರೋಸನು ತನ್ನ ಪಿಸ್ತೂಲಿನಿಂದಲೇ ಪ್ರಾಣ ಬಿಟ್ಟಿದ್ದನು. ಅದು ವಿಕ್ಟೋರಿಯ ರಾಣಿಯೇ ಹಿಂದೆ ಉಡುಗೊರೆಯಾಗಿ ಕಳುಹಿಸಿದ್ದ ಪಿಸ್ತೂಲು. ಕೋಟೆಯನ್ನು ಸೂರೆಮಾಡಿ ಸುಟ್ಟರು. ಬಂದ ದಾರಿಯುದ್ದಕ್ಕೂ ಹೊರೆ ಇಳಿಸುತ್ತ ಬಂದಿದ್ದ ಸೈನ್ಯಕ್ಕೆ ಈಗ ಕೊಳ್ಳೆಯನ್ನು ಸಾಗಿಸಲು 15 ಆನೆಗಳೂ ಸುಮಾರು 200 ಹೇಸರಗತ್ತೆಗಳೂ ಬೇಕಾದವು. ಚರ್ಚುಗಳ ಹಸ್ತಪ್ರತಿಗಳೂ ಪವಿತ್ರ ವಸ್ತುಗಳೂ ಹೀಗೆ ಲಂಡನ್ನಿಗೆ ಹೋದವು; ಅವುಗಳಲ್ಲಿ ಹಲವು ಇಂದಿಗೂ ಅಲ್ಲಿಯೇ ಇವೆ. ಅರಸನ ಏಳು ವರ್ಷದ ಮಗ ಅಲೆಮಾಯೆಹುವನ್ನೂ ಕರೆದೊಯ್ದರು. ಆ ಹುಡುಗನು ಮತ್ತೆ ತನ್ನ ನಾಡನ್ನು ಕಾಣಲಿಲ್ಲ. 1879ರಲ್ಲಿ ಇಂಗ್ಲೆಂಡಿನಲ್ಲಿಯೇ ತೀರಿಕೊಂಡನು.

ಮಗ್ದಲದ ಬಳಿಕ 44 ವರ್ಷಗಳು ಕಳೆದು, 1912ರಲ್ಲಿ, ಬೆಂಗಳೂರಿನ ಇದೇ ಸ್ಯಾಪರ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬುವನು ಬೇಲಿಯನ್ನು ಒಡೆಯುವ ಒಂದು ಸಾಧನವನ್ನು ರೂಪಿಸಿದನು. ಅದು ಸಿಡಿಮದ್ದು ತುಂಬಿದ ಕೊಳವೆ. ಇದನ್ನೂ ಅಬಿಸೀನಿಯದ ಬಾವಿಯಂತೆ ತುಂಡುತುಂಡಾಗಿ ಹೊತ್ತೊಯ್ದು, ಬೇಕಾದ ಕಡೆ ಒಂದಕ್ಕೊಂದು ಜೋಡಿಸಿ, ಮರೆಯಲ್ಲಿದ್ದುಕೊಂಡೇ ಬೇಲಿಯ ಕೆಳಗೆ ತಳ್ಳಬಹುದು. ಒಂದೊಂದು ತುಂಡನ್ನೂ ಒಬ್ಬೊಬ್ಬನು ಕೈಯಲ್ಲಿ ಹಿಡಿದು ಓಡಬಹುದು. ಹಿಂದೆ ಬರುವ ಹೇಸರಗತ್ತೆಗಾಗಿ ಕಾಯಬೇಕಾಗಿಲ್ಲ. ಎರಡು ಮಹಾಯುದ್ಧಗಳಲ್ಲಿಯೂ ಇದು ಮುಳ್ಳುತಂತಿಯ ಬೇಲಿಗಳನ್ನು ಸೀಳಿ ದಾರಿ ಮಾಡಿತು. ಜಗತ್ತಿನ ಸೈನ್ಯಗಳು ಇದನ್ನು ಇಂದಿಗೂ ‘ಬ್ಯಾಂಗಲೋರ್ ಟಾರ್ಪಿಡೊ’ ಎಂದೇ ಕರೆಯುತ್ತವೆ.